ಕ್ಲಬ್‌ಹೌಸ್: ಸದಸ್ಯರು ಬಾರದಿದ್ದರೆ ನಡೆಯದ ಮನೆ

ತೀವ್ರ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಆಸ್ಪತ್ರೆಯ ಆಚೆ ದೊರೆಯುವ ಸೇವೆಗಳಲ್ಲಿ ಹೆಚ್ಚಿನವು ಅವರಿಗೆ ಏನನ್ನಾದರೂ ಕೊಡುವ ಸೇವೆಗಳು: ಸಲಹೆ, ತರಬೇತಿ, ಸಾಂತ್ವನ, ಹೊತ್ತು ಕಳೆಯಲು ಒಂದಿಷ್ಟು ಚಟುವಟಿಕೆ. ಅವರಿಂದ ಏನನ್ನಾದರೂ ನಿರೀಕ್ಷಿಸುವ ಸೇವೆ ಬಹಳ ಕಡಿಮೆ. ಕ್ಲಬ್‌ಹೌಸ್ ಎಂಬ ಹೆಸರಿನಲ್ಲಿ 30ಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತಿರುವ ಸಮುದಾಯ ಕೇಂದ್ರಗಳು ಆ ಕಡಿಮೆಯವುಗಳ ಸಾಲಿಗೆ ಸೇರುತ್ತವೆ. (ಕೆಲವು ವರ್ಷಗಳ ಹಿಂದೆ ಎಲ್ಲರೂ ಹರಟೆ ಹೊಡೆಯುತ್ತಿದ್ದ ಅದೇ ಹೆಸರಿನ ಆ್ಯಪ್‌ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.) ನನ್ನ ಹತ್ತಿರದ ಬಂಧುವೊಬ್ಬರು ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ಪಡೆಯುತ್ತಲೇ ಇಂಥದೊಂದು ಕೇಂದ್ರದ ಸದಸ್ಯರಾಗಿದ್ದಾರೆ. ಅವರ ನೆಪದಲ್ಲಿ ಅದರ ಒಳಹೊರಗನ್ನು ಕಂಡವನಾಗಿ, ಇದು ಯಾರಿಗೆ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಮಾದರಿಯನ್ನು ಹುಟ್ಟುಹಾಕಿದವರು ವೈದ್ಯರಲ್ಲ ಎಂಬುದನ್ನು ಮೊದಲೇ ಹೇಳಬೇಕು. 1940ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಸರ್ಕಾರಿ ಮನೋರೋಗ ಆಸ್ಪತ್ರೆಯಲ್ಲಿದ್ದ ಕೆಲವರು ತಮ್ಮತಮ್ಮಲ್ಲೇ ಒಂದು ಗುಂಪು ಕಟ್ಟಿಕೊಂಡು, ಬಿಡುಗಡೆಯಾದ ಮೇಲೂ ನಗರದಲ್ಲಿ ಸೇರುತ್ತಿದ್ದರು. ‘ನಾವು ಒಂಟಿಯಲ್ಲ’ ಎಂಬುದೇ ಆ ಗುಂಪಿನ ಹೆಸರಾಗಿತ್ತು. 1948ರಲ್ಲಿ ಅವರಿಗೊಂದು ಮನೆ ದೊರೆತು, ಅದು ಫೌಂಟನ್ ಹೌಸ್ ಆಯಿತು. 1955ರಲ್ಲಿ ನಿರ್ದೇಶಕರಾಗಿ ಬಂದ ಜಾನ್ ಬಿಯರ್ಡ್ ಅವರ ಕಾಲದಲ್ಲಿ, ಬಂದುಹೋಗುವ ಜನರ ಕೂಟವಾಗಿದ್ದ ಆ ಮನೆ ದಿನವಿಡೀ ಕೆಲಸ ನಡೆಯುವ ಮನೆಯಾಗಿ ರೂಪುಗೊಂಡಿತು. ಇಂದು ಜಗತ್ತಿನ ಕ್ಲಬ್‌ಹೌಸ್‌ಗಳನ್ನು ಒಂದೇ ಸೂತ್ರದಲ್ಲಿ ಹಿಡಿದಿರುವುದು 37 ಮಾನದಂಡಗಳ ಒಂದು ಪಟ್ಟಿ. ಕ್ಲಬ್‌ಹೌಸ್ ಇಂಟರ್‌ನ್ಯಾಷನಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಆ ಪಟ್ಟಿಯನ್ನಿಟ್ಟುಕೊಂಡೇ ಕೇಂದ್ರಗಳನ್ನು ಪರಿಶೀಲಿಸಿ ಮಾನ್ಯತೆ ನೀಡುತ್ತದೆ.

ಆ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಸಿಬ್ಬಂದಿಯ ಸಂಖ್ಯೆಯನ್ನು ಕುರಿತ ನಿಯಮ. ಸದಸ್ಯರನ್ನು ಒಳಗೊಳ್ಳಲು ಸಾಲುವಷ್ಟು ಸಿಬ್ಬಂದಿ ಇರಬೇಕು, ಆದರೆ ಸದಸ್ಯರ ನೆರವಿಲ್ಲದೆ ಕೆಲಸ ಮುಗಿಸಲಾರದಷ್ಟು ಕಡಿಮೆ ಇರಬೇಕು ಎಂದು ಅದು ಹೇಳುತ್ತದೆ. ಮೊದಲ ಓದಿಗೆ ಇದು ಖರ್ಚು ಉಳಿಸುವ ಉಪಾಯದಂತೆ ಕಾಣಿಸಬಹುದು. ಒಳಗೆ ಹೋಗಿ ನೋಡಿದರೆ ಅದರ ಮರ್ಮ ತಿಳಿಯುತ್ತದೆ. ಬೆಳಗಿನ ಸಭೆಯಲ್ಲಿ ಅಂದಿನ ಕೆಲಸಗಳನ್ನು ಬರೆದು ಹಾಕುತ್ತಾರೆ: ಬಂದವರನ್ನು ಬರಮಾಡಿಕೊಳ್ಳುವುದು, ಫೋನ್ ಎತ್ತುವುದು, ಹಾಜರಿಯ ಲೆಕ್ಕ ಬರೆಯುವುದು, ಮಧ್ಯಾಹ್ನದ ಅಡುಗೆ, ಸುದ್ದಿಪತ್ರದ ತಿದ್ದುವಿಕೆ, ಬಹಳ ದಿನಗಳಿಂದ ಬಾರದವರಿಗೆ ಕರೆ ಮಾಡುವುದು. ಅವುಗಳಲ್ಲಿ ಒಂದೂ ಹೊತ್ತು ಕಳೆಯಲೆಂದು ಹುಟ್ಟಿಸಿದ ಕೆಲಸವಲ್ಲ. ಯಾರೂ ಕೈಹಾಕದಿದ್ದರೆ ಅಂದು ನಿಜಕ್ಕೂ ಫೋನ್ ಮೊಳಗುತ್ತಲೇ ಇರುತ್ತದೆ. ಚಿಕಿತ್ಸೆಯ ಹೆಸರಿನಲ್ಲಿ ಕಾಗದದ ಹೂವು ಮಾಡಿಸಿ, ಅದನ್ನು ಮೂಲೆಯ ಪೆಟ್ಟಿಗೆಗೆ ಹಾಕಿಡುವ ಹಗಲು ಕೇಂದ್ರವನ್ನು ನೋಡಿದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ತನ್ನ ಕೈಯಿಂದಾದದ್ದು ಯಾರಿಗೂ ಬೇಡವೆಂಬುದು ಅದನ್ನು ಮಾಡುವವರಿಗೆ ಎಲ್ಲರಿಗಿಂತ ಮೊದಲೇ ಗೊತ್ತಿರುತ್ತದೆ.

ಕೆಲಸವನ್ನು ಆರಿಸಿಕೊಳ್ಳುವುದು ಸದಸ್ಯರಿಗೇ ಬಿಟ್ಟದ್ದು, ಅದಕ್ಕೆ ಸಂಬಳವಿಲ್ಲ, ಮಾಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ಸದಸ್ಯತ್ವಕ್ಕೆ ಕಾಲಮಿತಿ ಇಲ್ಲದಿರುವುದು ಇನ್ನೊಂದು ದೊಡ್ಡ ವಿಷಯ. ಕಾಯಿಲೆ ಮರುಕಳಿಸಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಬಂದವರು ಹೊಸದಾಗಿ ಅರ್ಜಿ ಹಾಕಬೇಕಿಲ್ಲ, ಕಾಯುವವರ ಪಟ್ಟಿಯಲ್ಲಿ ನಿಲ್ಲಬೇಕಿಲ್ಲ. ಇತರರ ಸುರಕ್ಷತೆಗೆ ಅಪಾಯವಿಲ್ಲದಿದ್ದರೆ ಬಂದ ದಿನವೇ ಒಳಗೆ ಬರಬಹುದು. ಬಹುತೇಕ ಪುನರ್ವಸತಿ ಕಾರ್ಯಕ್ರಮಗಳಿಗೆ ಒಂದು ಮುಕ್ತಾಯದ ದಿನವಿರುತ್ತದೆ, ಆದರೆ ಈ ಕಾಯಿಲೆಗಳು ಅಂಥ ದಿನವನ್ನು ನೋಡಿಕೊಂಡು ಬರುವುದಿಲ್ಲ. ಮನೆಯವರಾಗಿ ನಮಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟದ್ದು ಈ ನಿಯಮವೇ.

ಮಾನಸಿಕ ಕಾಯಿಲೆಗೆ ಸಮಾಜ ಅಂಟಿಸುವ ಕಳಂಕದ ವಿಚಾರದಲ್ಲಿ ಈ ಸೇವೆಯ ದಾರಿ ಬೇರೆ. ಜಾಗೃತಿ ಜಾಥಾ, ಭಿತ್ತಿಪತ್ರ, ‘ಮಾನಸಿಕ ಕಾಯಿಲೆಯೂ ಇತರ ಕಾಯಿಲೆಗಳಂತೆಯೇ’ ಎಂಬ ಘೋಷಣೆ ಇವೆಲ್ಲ ತಿಳಿವಳಿಕೆಯನ್ನು ಹೆಚ್ಚಿಸುತ್ತವೆಯೇ ಹೊರತು, ಆ ತಿಳಿವಳಿಕೆಯುಳ್ಳವರೇ ಅಂಥವರಿಗೆ ಬಾಡಿಗೆ ಮನೆ ಕೊಡಲು, ಪಕ್ಕದ ಮೇಜಿನಲ್ಲಿ ಕೂರಿಸಿಕೊಳ್ಳಲು ಹಿಂಜರಿಯುವುದನ್ನು ನಾವು ಕಂಡೇ ಇದ್ದೇವೆ. ಸಂಶೋಧಕ ಪ್ಯಾಟ್ರಿಕ್ ಕಾರಿಗನ್ ಮತ್ತು ಸಂಗಡಿಗರು 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ವಯಸ್ಕರ ಧೋರಣೆಯನ್ನು ಬದಲಿಸುವುದರಲ್ಲಿ ಬರಿಯ ಬೋಧನೆಗಿಂತ ಕಾಯಿಲೆಯನ್ನು ಅನುಭವಿಸಿದವರೊಂದಿಗಿನ ಸಂಪರ್ಕವೇ ಹೆಚ್ಚು ಫಲ ಕೊಟ್ಟಿತ್ತು. ಹದಿಹರೆಯದವರಲ್ಲಿ ಮಾತ್ರ ಬೋಧನೆಯದೇ ಮೇಲುಗೈಯಾಗಿತ್ತು. ಕಳಂಕದ ಬಗ್ಗೆ 2022ರಲ್ಲಿ ಪ್ರಕಟವಾದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗದ ವರದಿಯೂ ಸಂಪರ್ಕವನ್ನೇ ಮುಂದಿಟ್ಟಿತು. ಕ್ಲಬ್‌ಹೌಸ್ ಯಾರಿಗೂ ಉಪನ್ಯಾಸ ಕೊಡುವುದಿಲ್ಲ. ಕೇಂದ್ರಕ್ಕೆ ಬಂದ ಹೊರಗಿನವರನ್ನು ಕರೆದೊಯ್ದು ತೋರಿಸುವವರು ಸದಸ್ಯರೇ ಆಗಿರುತ್ತಾರೆ, ಮತ್ತು ಆ ಮನೆಯಲ್ಲಿ ಸಿಬ್ಬಂದಿ ಯಾರು, ಸದಸ್ಯರು ಯಾರು ಎಂಬುದು ಬಂದವರಿಗೆ ಬೇಗ ಗೊತ್ತಾಗುವುದಿಲ್ಲ. ಸಿಬ್ಬಂದಿಗೆ ಮಾತ್ರ ಮೀಸಲಾದ ಕೋಣೆಯಾಗಲಿ ಸಭೆಯಾಗಲಿ ಇಲ್ಲ.

ಕಳಂಕ ಹೊರಗಿನವರ ಕಣ್ಣಿನಲ್ಲಷ್ಟೇ ಇರುವುದಲ್ಲ, ಅನುಭವಿಸುವವರ ಒಳಗೂ ಕೂತಿರುತ್ತದೆ. ಆದ್ದರಿಂದ ದಾಖಲೆಗಳ ಬಗೆಗಿನ ನಿಯಮವನ್ನು ನಾನು ಸಣ್ಣದೆನ್ನಲಾರೆ. ಸದಸ್ಯರ ಪಾಲ್ಗೊಳ್ಳುವಿಕೆಯ ಕುರಿತು ಏನೇ ಬರೆದಿಟ್ಟರೂ ಅವರು ಬಯಸಿದರೆ ಅದನ್ನು ಬರೆಯುವುದರಲ್ಲಿ ಅವರೂ ಇರಬೇಕು, ಸದಸ್ಯರು ಮತ್ತು ಸಿಬ್ಬಂದಿ ಇಬ್ಬರೂ ಸಹಿ ಹಾಕಬೇಕು. ವರ್ಷಗಟ್ಟಲೆ ತಮ್ಮ ಬಗೆಗಿನ ಕಡತ ಮೇಜಿನ ಆಚೆಗೆ ತೆರೆದು ಮುಚ್ಚುವುದನ್ನಷ್ಟೇ ನೋಡಿದ ನಮ್ಮ ಬಂಧು, ತಮ್ಮ ವರದಿಯ ಒಂದು ವಾಕ್ಯವನ್ನು ಸರಿಯಿಲ್ಲವೆಂದು ಹೇಳಿ ಬದಲಾಯಿಸಿದ ಸಂಗತಿಯನ್ನು ಮನೆಗೆ ಬಂದು ಒಂದಲ್ಲ, ಹತ್ತು ಸಲ ಹೇಳಿದರು.

ಇನ್ನು ನೌಕರಿಯ ವಿಚಾರ. ಕೇಂದ್ರವು ಹೊರಗಿನ ಸಂಸ್ಥೆಗಳೊಂದಿಗೆ ಮಾತನಾಡಿ ತಾತ್ಕಾಲಿಕ ಕೆಲಸಗಳನ್ನು ಗೊತ್ತುಮಾಡುತ್ತದೆ: ವಾರಕ್ಕೆ ಸುಮಾರು 15ರಿಂದ 20 ಗಂಟೆ, ಸಾಮಾನ್ಯವಾಗಿ 6ರಿಂದ 9 ತಿಂಗಳು, ಚಾಲ್ತಿಯಲ್ಲಿರುವ ದರದ ಸಂಬಳ ನೇರ ಉದ್ಯೋಗದಾತರಿಂದಲೇ. ಆ ಕೆಲಸಕ್ಕೆ ಯಾರು ಹೋಗಬೇಕೆಂದು ಕ್ಲಬ್‌ಹೌಸ್ ನಿರ್ಧರಿಸುತ್ತದೆ, ಮತ್ತು ಹೋದವರು ಯಾವುದೋ ದಿನ ಏಳಲಾಗದಿದ್ದರೆ ಅವರ ಬದಲಿಗೆ ಇನ್ನೊಬ್ಬರು ಹೋಗಿ ಕೆಲಸ ಮುಗಿಸುತ್ತಾರೆ. ಈ ಬದಲಿಯ ಭರವಸೆಯಿಂದಾಗಿಯೇ ಉದ್ಯೋಗದಾತರು ಒಪ್ಪುತ್ತಾರೆ. ಆದರೆ ನನ್ನ ಮೊದಲ ತಕರಾರು ಇಲ್ಲೇ ಇದೆ. ಹೀಗೆ ಸಿಗುವ ಕೆಲಸಗಳು ಹೆಚ್ಚಾಗಿ ಶುಚಿಗೊಳಿಸುವ, ಸಾಮಾನು ಜೋಡಿಸುವ, ಅಂಚೆ ಹಂಚುವ ಮಟ್ಟದವು. ಓದಿನ ಮಧ್ಯದಲ್ಲಿ ಕಾಯಿಲೆ ಬಿದ್ದ ಪದವೀಧರರಿಗೆ ಮೊದಲ ಮೆಟ್ಟಿಲಾಗಿ ಅದು ಸರಿ. ಎರಡನೆಯ, ಮೂರನೆಯ ಮೆಟ್ಟಿಲೂ ಅದೇ ಆದರೆ ಕಳಂಕವೇ ಬೇರೆ ವೇಷದಲ್ಲಿ ಬಂದಂತಾಗುತ್ತದೆ. ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ರೂಪಿಸಿದ ಇನ್ನೊಂದು ವಿಧಾನದಲ್ಲಿ, ವ್ಯಕ್ತಿಗೆ ಇಷ್ಟವಾದ ಖಾಯಂ ಕೆಲಸವನ್ನು ಮೊದಲೇ ಹುಡುಕಿ, ಅಲ್ಲಿ ನೆಲೆನಿಲ್ಲಲು ಬೇಕಾದ ಬೆಂಬಲವನ್ನು ಆಮೇಲೆ ಒದಗಿಸುತ್ತಾರೆ. ಮುಕ್ತ ಮಾರುಕಟ್ಟೆಯ ನೌಕರಿ ಕೊಡಿಸುವುದರಲ್ಲಿ ಆ ವಿಧಾನಕ್ಕೆ ಇರುವಷ್ಟು ಗಟ್ಟಿ ಪುರಾವೆ ಕ್ಲಬ್‌ಹೌಸ್‌ಗೆ ಇಲ್ಲ. ಒಳ್ಳೆಯ ಕ್ಲಬ್‌ಹೌಸ್‌ಗಳು ತಾತ್ಕಾಲಿಕ ಕೆಲಸದ ಆಚೆಗೂ, ಸ್ವತಂತ್ರ ನೌಕರಿ ಮತ್ತು ಬಿಟ್ಟುಹೋದ ಓದಿನವರೆಗೂ ಜೊತೆಗೆ ಬರುತ್ತವೆ, ಎಲ್ಲವೂ ಬರುವುದಿಲ್ಲ.

ಎರಡನೆಯ ತಕರಾರು ಇನ್ನೂ ಸೂಕ್ಷ್ಮವಾದದ್ದು. ಊಟ, ಗೆಳೆತನ, ಕೆಲಸ, ಸಂಜೆಯ ಮನರಂಜನೆ, ರಜಾದಿನದ ಆಚರಣೆ ಎಲ್ಲವೂ ಒಂದೇ ಮನೆಯಲ್ಲಿ ಸಿಕ್ಕಿದರೆ, ಹೊರಗಿನ ಸಮಾಜದ ಅಗತ್ಯವೇ ಬೀಳದೆ ಹೋಗಬಹುದು. ತನ್ನನ್ನು ಅಳೆಯದ ಜನರ ನಡುವೆ ಇರುವ ಸುಖವನ್ನು ಬಿಟ್ಟು, ಅಳೆಯುವವರ ನಡುವೆ ಹೋಗಿ ನಿಲ್ಲಲು ಯಾರಿಗೆ ಮನಸ್ಸಾದೀತು? ನಮ್ಮ ಬಂಧು ಹಳೆಯ ಗೆಳೆಯರಿಂದ ಬಂದ ಕರೆಗಳನ್ನು ಕೆಲಕಾಲ ಎತ್ತುತ್ತಲೇ ಇರಲಿಲ್ಲ. ಸಿಬ್ಬಂದಿಯ ಗಮನಕ್ಕೆ ತಂದಾಗ, ಅದು ಅವರ ಆಯ್ಕೆ ಎಂಬ ಉತ್ತರ ಬಂತು. ತಾತ್ವಿಕವಾಗಿ ಅದು ಸರಿಯೇ ಇರಬಹುದು, ಆದರೆ ನನಗೆ ಅಷ್ಟರಿಂದ ಸಮಾಧಾನವಾಗಲಿಲ್ಲ.

ಫಲಿತಾಂಶದ ಬಗ್ಗೆ ಅತಿಯಾಗಿ ಹೇಳುವುದು ಬೇಡ. 2018ರಲ್ಲಿ ಪ್ರಕಟವಾದ ಒಂದು ವ್ಯವಸ್ಥಿತ ಪರಾಮರ್ಶೆಯು ನೌಕರಿ, ಆಸ್ಪತ್ರೆ ವಾಸದ ಇಳಿಕೆ ಮತ್ತು ಜೀವನದ ಗುಣಮಟ್ಟದಲ್ಲಿ ಪ್ರಯೋಜನವನ್ನು ಗುರುತಿಸಿದರೂ, ಇನ್ನಷ್ಟು ಕಟ್ಟುನಿಟ್ಟಾದ ಪ್ರಯೋಗಗಳು ಬೇಕೆಂದಿತು. ಕ್ಲಬ್‌ಹೌಸ್ ಔಷಧಕ್ಕೆ ಪರ್ಯಾಯವಲ್ಲ, ಹಾಗೆಂದು ಅದು ಹೇಳಿಕೊಳ್ಳುವುದೂ ಇಲ್ಲ. ಕೇಂದ್ರದೊಳಗೆ ಚಿಕಿತ್ಸೆ ಇರಕೂಡದು ಎಂಬುದು ಅದರ ನಿಯಮವೇ ಆಗಿದೆ. ಮನೋವೈದ್ಯರ ಭೇಟಿ ಹೊರಗೆ, ಬೇರೆಯಾಗಿ ನಡೆಯುತ್ತದೆ. ಬಿಕ್ಕಟ್ಟಿನ ಸ್ಥಿತಿಯಲ್ಲಿರುವವರನ್ನು ಇಲ್ಲಿಗೆ ಕರೆತಂದು ಪ್ರಯೋಜನವಿಲ್ಲ, ಅವರಿಗೆ ಮೊದಲು ಬೇಕಾದದ್ದು ವೈದ್ಯಕೀಯ ನೆರವು. ಗದ್ದಲವನ್ನು, ಗುಂಪನ್ನು ಸಹಿಸಲಾರದವರಿಗೂ ಈ ಜಾಗ ಹಿಂಸೆಯಾದೀತು. ಅಂಥವರಿಗೆ ಕಡಿಮೆ ಜನರ ಪರಸ್ಪರ ಬೆಂಬಲದ ಗುಂಪೇ ವಾಸಿ.

ಹೆಸರಿನಲ್ಲಿ ಕ್ಲಬ್‌ಹೌಸ್ ಎಂದಿರುವುದೆಲ್ಲ ಈ ಮಾದರಿಯದೇ ಆಗಿರಬೇಕಿಲ್ಲವಾದ್ದರಿಂದ, ಸೇರುವ ಮುನ್ನ ಮಾನ್ಯತೆ ಇದೆಯೇ ಎಂದು ವಿಚಾರಿಸಬೇಕು. ಜೊತೆಗೆ ಒಂದು ಇಡೀ ಬೆಳಗನ್ನು ಅಲ್ಲಿ ಕಳೆಯಬೇಕು, ಅದೂ ಯಾವ ಕಾರ್ಯಕ್ರಮವೂ ಇಲ್ಲದ ಸಾಮಾನ್ಯ ವಾರದ ದಿನದಲ್ಲಿ. ಸಭೆಯಲ್ಲಿ ಮಾತನಾಡುವವರು ಸಿಬ್ಬಂದಿಯೊಬ್ಬರೇ ಆಗಿದ್ದು ಉಳಿದವರು ಗೋಡೆಗೊರಗಿ ಕೂತಿದ್ದರೆ, ಭಿತ್ತಿಯ ಮೇಲೆ 37 ಮಾನದಂಡಗಳಿಗೂ ಕಟ್ಟು ಹಾಕಿಸಿ ತೂಗುಹಾಕಿದ್ದರೂ ಬೇರೆ ಕೇಂದ್ರ ಹುಡುಕುವುದು ಒಳಿತು. ನಮ್ಮ ಬಂಧುವಿನ ಮಟ್ಟಿಗೆ ಹೇಳುವುದಾದರೆ, ಅವರು ಮುಂದುವರಿಯುತ್ತಿದ್ದಾರೆ. ನೌಕರಿಯ ವಿಭಾಗದ ಬಗ್ಗೆ ನನ್ನ ತಕರಾರನ್ನು ಅಲ್ಲಿನ ಎಲ್ಲರಿಗೂ ತೆರೆದ ಸಭೆಯಲ್ಲಿ ತಾವೇ ಎತ್ತುವುದಾಗಿಯೂ, ನಾನು ಪತ್ರ ಬರೆಯುವುದು ಬೇಡವೆಂದೂ ಹೇಳಿದ್ದಾರೆ.