ಸ್ಟೇಬಲ್‌ಫೋರ್ಡೋ ಸ್ಟ್ರೋಕ್ ಪ್ಲೇಯೋ: ಭಾನುವಾರದ ಗುಂಪಿಗೆ ಯಾವುದು?

ಮೈಸೂರಿನಲ್ಲಿ ಚಾಮುಂಡಿ ಬೆಟ್ಟ ನೋಡಿಕೊಂಡು ಗಾಲ್ಫ್ ಆಡುವ ನಿಮ್ಮ ಗುಂಪಿನಲ್ಲಿ ಒಬ್ಬರ ಹ್ಯಾಂಡಿಕ್ಯಾಪ್ (ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ರಿಯಾಯಿತಿ ಹೊಡೆತಗಳ ಲೆಕ್ಕ) 8, ಇನ್ನೊಬ್ಬರದು 24 ಇದ್ದರೆ ಸ್ಟೇಬಲ್‌ಫೋರ್ಡ್ ಪಾಯಿಂಟ್ ಪದ್ಧತಿಯೇ ಸರಿ. ಸ್ಟ್ರೋಕ್ ಪ್ಲೇಯಲ್ಲಿ ಪ್ರತಿ ಹೊಡೆತವೂ ಲೆಕ್ಕಕ್ಕೆ ಬರುತ್ತದೆ. 18 ಹೋಲ್‌ಗಳ (ಗುಳಿಗಳ) ಪೈಕಿ ಒಂದರಲ್ಲೇ 11 ಹೊಡೆತ ಆದರೆ ಉಳಿದ 17ರ ಶ್ರಮವೆಲ್ಲ ನೀರುಪಾಲು. ಸ್ಟೇಬಲ್‌ಫೋರ್ಡ್‌ನಲ್ಲಿ ಆ ಹೋಲ್‌ಗೆ ಸೊನ್ನೆ, ಅಷ್ಟೇ. ಚೆಂಡು ಎತ್ತಿಕೊಂಡು ಮುಂದೆ ನಡೆಯಬಹುದು, ಹಿಂದಿನವರು ಕಾಯುವುದೂ ತಪ್ಪುತ್ತದೆ.

ರಿಯಾಯಿತಿ ಹೊಡೆತ ಕಳೆದ ಮೇಲೆ ಪಾರ್‌ಗಿಂತ (ಆ ಹೋಲ್‌ಗೆ ನಿಗದಿಯಾದ ಹೊಡೆತಗಳಿಗಿಂತ) ಒಂದು ಹೆಚ್ಚಾದ ಬೋಗಿಗೆ 1, ಪಾರ್‌ಗೆ 2, ಒಂದು ಕಡಿಮೆಯ ಬರ್ಡಿಗೆ 3, ಎರಡು ಕಡಿಮೆಯ ಈಗಲ್‌ಗೆ 4 ಪಾಯಿಂಟ್. ಕೋರ್ಸ್‌ನಲ್ಲಿ 24 ಹೊಡೆತ ಸಿಗುವವರಿಗೆ ಪ್ರತಿ ಹೋಲ್‌ಗೂ ಒಂದು, ಸ್ಟ್ರೋಕ್ ಇಂಡೆಕ್ಸ್ (ಹೋಲ್‌ಗಳ ಕಷ್ಟದ ಕ್ರಮಾಂಕ) 1ರಿಂದ 6ರವರೆಗೆ ಎರಡೆರಡು. ಇಂಡೆಕ್ಸ್ 3 ಇರುವ ಪಾರ್ 4ರಲ್ಲಿ ಅವರು 6 ಹೊಡೆದರೆ ಎರಡು ಕಳೆದು ನೆಟ್ 4, ಅಂದರೆ 2 ಪಾಯಿಂಟ್. ಎಡವುವುದು ಇಲ್ಲೇ: ಹೋಲ್ ನಂಬರನ್ನೇ ಇಂಡೆಕ್ಸ್ ಎಂದುಕೊಳ್ಳುತ್ತಾರೆ. ಕಾರ್ಡ್‌ನಲ್ಲಿ ಅದರ ಸಾಲೇ ಬೇರೆ, ಮೊದಲೇ ಗುರುತು ಹಾಕಿಕೊಳ್ಳಿ.

36 ಪಾಯಿಂಟ್ ಎಂದರೆ ಹ್ಯಾಂಡಿಕ್ಯಾಪ್‌ಗೆ ತಕ್ಕ ಆಟ. ಯಾರಾದರೂ ವಾರವಾರವೂ 42 ತಂದರೆ ಅವರ ಹ್ಯಾಂಡಿಕ್ಯಾಪ್ ಇಳಿಸಲೇಬೇಕು. ಇಲ್ಲದಿದ್ದರೆ ಯಾವ ಪದ್ಧತಿಯಲ್ಲೂ ನ್ಯಾಯ ಸಿಗದು.

ಎಲ್ಲರೂ 10ರೊಳಗಿನ ಹ್ಯಾಂಡಿಕ್ಯಾಪ್‌ನವರಾಗಿದ್ದು ಸಮಯವೂ ಇದ್ದರೆ ಸ್ಟ್ರೋಕ್ ಪ್ಲೇ ಆರಿಸಿ. ಆದರೆ ಅಂಗೈಯಗಲದಷ್ಟೇ ದೂರದ ಪಟ್ (ಗುಳಿಗೆ ಚೆಂಡು ಉರುಳಿಸುವ ಹೊಡೆತ) ಅನ್ನೂ ಬಿಟ್ಟುಕೊಡುವಂತಿಲ್ಲ, ಚೆಂಡು ಗುಳಿಗೆ ಬೀಳಲೇಬೇಕು.