ಹುರಿ ಬಿಚ್ಚಿದ್ದು ಸ್ವಿವಲ್ಲೋ, ಹೊಳೆಯೋ?

ಮೀನು ಹಿಡಿಯುವ ಲೈನಿಗೆ, ಅಂದರೆ ಗಾಳದ ದಾರಕ್ಕೆ ಕಟ್ಟುವ, ತಿರುಗುವ ಪುಟ್ಟ ಲೋಹದ ಕೊಂಡಿ ಇದು: ಬಾಲ್ ಬೇರಿಂಗ್ ಸ್ವಿವಲ್, ಹತ್ತರ ಪ್ಯಾಕೆಟ್, 280 ರೂಪಾಯಿ, ಆನ್‌ಲೈನಲ್ಲಿ ತರಿಸಿದ್ದು. ಇದೊಂದು ಕಟ್ಟಿದರೆ ಲೈನ್ ತಿರುಚುವ ಮಾತೇ ಇಲ್ಲ ಅಂತ ಪ್ಯಾಕೆಟ್ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ಮೂರು ತಿಂಗಳು ಬಳಸಿದ ಮೇಲೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಸಾಮಾನು ಒಳ್ಳೆಯದೇ. ಮಾತು ಸ್ವಲ್ಪ ಜಾಸ್ತಿ ಆಯಿತು.

ನಾನು ಭಾನುವಾರ ಕೋಡಿಬೆಂಗ್ರೆಯಲ್ಲಿ ಗಾಳ ಹಾಕುವವನು. ಸ್ವರ್ಣಾ ಹೊಳೆ ಸಮುದ್ರ ಸೇರುವ ಜಾಗ ಅದು. ಸ್ಪಿನ್ನಿಂಗ್ ರೀಲಿಗೆ 0.30 ಎಂಎಂ ನೈಲಾನ್ ಲೈನ್ ಬೇಕಿತ್ತು. ಲೈನ್ ಅಲ್ಲೇ ಕೊಂಡರೆ ಸುತ್ತಿಕೊಡುವುದು ಫ್ರೀ ಅಂದರು ಅಂಗಡಿಯವರು. ಹೆಸರು ಬೇಡ ಬಿಡಿ. ಅಲ್ಲಿನ ಹುಡುಗ ಲೈನಿನ ಉರುಳೆಯನ್ನು ನೆಲಕ್ಕೆ ಹಾಕಿ ಎರಡೇ ನಿಮಿಷದಲ್ಲಿ ಗರಗರ ಸುತ್ತಿದ. ದಾರವನ್ನು ಬೆರಳಲ್ಲಿ ಒತ್ತಿಯೂ ಹಿಡಿಯಲಿಲ್ಲ. ರೀಲಿನ ಸ್ಪೂಲನ್ನು ಅಂಚಿನವರೆಗೆ ತುಂಬಿಸಿ, 'ಜಾಸ್ತಿ ಇದ್ರೆ ದೂರ ಹೋಗ್ತದೆ' ಅಂದ. ನನಗೂ ಖುಷಿಯಾಯಿತು, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಬೆಂಗ್ರೆಯಲ್ಲಿ ಐದನೇ ಸಲ ಸ್ಪೂನ್ (ಮೀನನ್ನು ಸೆಳೆಯುವ, ಚಮಚದಂಥ ಲೋಹದ ತಗಡು) ಎಸೆದಾಗ ಚಕ್ಕುಲಿ ಒತ್ತಿದ ಹಾಗೆ ಸುರುಳಿ ಸುರುಳಿಯಾಗಿ ಲೈನ್ ಹೊರಗೆ ಹಾರಿತು. ರಾಡಿನ ಮೊದಲ ರಿಂಗಿಗೆ ಬಂದು ಗಂಟಾಯಿತು. ಸಡಿಲ ಬಿಟ್ಟರೆ ಸಾಕು, ದೀಪದ ಬತ್ತಿ ಹೊಸೆದ ಹಾಗೆ ತನ್ನಷ್ಟಕ್ಕೇ ಎರಡೆಳೆ ಸೇರಿ ಹುರಿಯಾಗುತ್ತಿತ್ತು. ಅರ್ಧ ಗಂಟೆ ಬಿಡಿಸಿ ಕೊನೆಗೆ ನಲವತ್ತು ಮೀಟರ್ ಕತ್ತರಿಸಿ ಜೇಬಿಗೆ ತುರುಕಿದೆ. ಆ ಸಿಕ್ಕನ್ನು ಅಲ್ಲೇ ಬಿಸಾಡಬೇಡಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಮಾವ ಸೋಡಾ ಬಾಟಲಿಗೆ ಸುತ್ತಿದ ಕೈಗಾಳದಲ್ಲಿ ಮೂರು ಕಾಣೆ ಮೀನು ಹಿಡಿದು ಕೂತಿದ್ದರು. 'ಮಿಷಿನ್ ಕೆಟ್ಟಿತಾ?' ಅಂತ ಕೇಳಿದರು. ಉತ್ತರ ಕೊಡಲಿಲ್ಲ.

ಆ ಸಿಟ್ಟಿನಲ್ಲೇ ಈ ಸ್ವಿವಲ್ ತರಿಸಿದ್ದು.

ಬಂದ ದಿನ ಅಡುಗೆಮನೆಯ ಕಿಟಕಿ ಸರಳಿಗೆ ದಾರ ಕಟ್ಟಿ, ಸ್ವಿವಲ್ ಹಾಕಿ, ಕೆಳಗೆ ಎರಡು ಲೀಟರ್ ನೀರಿನ ಬಾಟಲಿ ತೂಗಿಸಿದೆ. ಮೊದಲು ನನ್ನ ಹತ್ತಿರವಿದ್ದ, ಬೇರಿಂಗ್ ಇಲ್ಲದ ಹಳೇ ಬ್ಯಾರಲ್ ಸ್ವಿವಲ್. ಬಾಟಲಿಯನ್ನು ತಿರುಗಿಸಿದರೆ ಸ್ವಿವಲ್ ಬಿಗಿಯಾಗಿ ನಿಂತಿತು, ಮೇಲಿನ ದಾರವೇ ತಿರುಚಿಕೊಂಡಿತು. ಖಾಲಿ ಕೈಯಲ್ಲಿ ಚೆನ್ನಾಗಿಯೇ ತಿರುಗುತ್ತಿದ್ದದ್ದು, ಭಾರ ಬಿದ್ದ ಕೂಡಲೇ ಮುಷ್ಕರ. ಆಮೇಲೆ ಹೊಸತು ಹಾಕಿದೆ. ಬೆರಳಲ್ಲಿ ಒಮ್ಮೆ ತಟ್ಟಿದ್ದಕ್ಕೆ ಬಾಟಲಿ ತಿರುಗುತ್ತಲೇ ಇತ್ತು, ಮೇಲಿನ ದಾರ ಅಲ್ಲಾಡಲಿಲ್ಲ. ಆ ಮೂರೂವರೆ ಅಂಕದಲ್ಲಿ ಹೆಚ್ಚಿನದು ಈ ಬಾಟಲಿಗೆ ಸೇರಬೇಕು.

ಮುಂದಿನ ಭಾನುವಾರ ಸ್ವಿವಲ್ ಕಟ್ಟಿಕೊಂಡು ಹೋದೆ. ಮತ್ತೆ ಅದೇ ಚಕ್ಕುಲಿ!

ಯಾಕೆ ಅಂತ ತಲೆಗೆ ಹೋಗಲು ಒಂದು ವಾರ ಬೇಕಾಯಿತು. ಸ್ಪೂನ್ ನೀರಲ್ಲಿ ಗಿರಗಿರ ತಿರುಗಿದರೆ ಆ ಹುರಿ ಲೈನಿಗೆ ಏರದಂತೆ ತಡೆಯುವುದಷ್ಟೇ ಸ್ವಿವಲ್ ಕೆಲಸ. ಅಂಗಡಿಯಲ್ಲಿ ಸುತ್ತುವಾಗಲೇ ಒಳಗೆ ಸೇರಿಕೊಂಡ ಹುರಿಗೆ ಅದೇನು ಮಾಡೀತು? ಸುತ್ತುವಾಗ ಉರುಳೆಯನ್ನು ಲೇಬಲ್ ಮೇಲೆ ಮಾಡಿ ಮಲಗಿಸಬೇಕು, ದಾರವನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ಹಿಡಿಯಬೇಕು. ಹದಿನೈದಿಪ್ಪತ್ತು ಸುತ್ತು ಆದ ಮೇಲೆ ನಿಲ್ಲಿಸಿ ದಾರ ಸಡಿಲ ಬಿಡಬೇಕು. ಸುರುಳಿಯಾದರೆ ಉರುಳೆಯನ್ನು ಮಗುಚಿ ಹಾಕಬೇಕು. ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೇ ನಿಲ್ಲಿಸಬೇಕು. ಹುಡುಗ ಇದರಲ್ಲಿ ಒಂದನ್ನೂ ಮಾಡಿರಲಿಲ್ಲ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಮೀನು ಎಳೆಯುತ್ತಾ ಡ್ರ್ಯಾಗ್ (ಜೋರಾಗಿ ಎಳೆದರೆ ಲೈನ್ ಬಿಟ್ಟುಕೊಡುವ ರೀಲಿನ ಬ್ರೇಕ್) ಕರ್ ಅಂತ ಜಾರುತ್ತಿರುವಾಗಲೂ ನಾನು ರೀಲಿನ ಹಿಡಿ ತಿರುಗಿಸುತ್ತಲೇ ಇರುತ್ತಿದ್ದೆ. ನನ್ನ ರೀಲಿನ ಗೇರ್ 5.2:1, ಅಂದರೆ ಹಿಡಿ ಒಂದು ಸುತ್ತು ತಿರುಗಿದರೆ ಲೈನ್ ಸುತ್ತುವ ಭಾಗ 5.2 ಸುತ್ತು ತಿರುಗುತ್ತದೆ. ಲೈನ್ ಒಳಗೆ ಬಾರದೆ ಹಿಡಿ ಒಂದು ಸುತ್ತು ತಿರುಗಿದರೆ ಲೈನಿಗೆ ಐದಕ್ಕೂ ಸ್ವಲ್ಪ ಜಾಸ್ತಿ ಹುರಿ. ಗಾಬರಿಯಲ್ಲಿ ಇಪ್ಪತ್ತು ಸಲ ತಿರುಗಿಸಿದರೆ ನೂರನಾಲ್ಕು! ಡ್ರ್ಯಾಗ್ ಜಾರುವಾಗ ಕೈ ಸುಮ್ಮನಿರಬೇಕು. ಈಗ ಬೇಲ್ (ಎಸೆಯುವಾಗ ತೆರೆಯುವ ರೀಲಿನ ತಂತಿ ಬಳೆ) ಕೂಡ ಕೈಯಲ್ಲೇ ಮುಚ್ಚುತ್ತೇನೆ, ಮುಚ್ಚಿ ಲೈನನ್ನು ಒಮ್ಮೆ ಜಗ್ಗುತ್ತೇನೆ. ಬೇಲಿನ ತುದಿಯಲ್ಲಿ ಲೈನ್ ಹಾಯುವ ಪುಟ್ಟ ಗಾಲಿಯೇ ರೋಲರ್. ರೀಲ್ ಮಾಡುವ ಡೈವಾದವರ ಟ್ವಿಸ್ಟ್ ಬಸ್ಟರ್, ಶಿಮಾನೋದವರ ಪವರ್ ರೋಲರ್ ಎಂಬ ಗಾಲಿಗಳೆಲ್ಲ ಇರುವುದು ಹುರಿ ಕಡಿಮೆ ಮಾಡಲಿಕ್ಕೆ. ನನ್ನ ರೀಲಿನ ರೋಲರ್ ಉಪ್ಪು ಹಿಡಿದು ತಿರುಗುವುದನ್ನೇ ಬಿಟ್ಟಿತ್ತು. ಒಂದು ಹನಿ ಎಣ್ಣೆಗೆ ಸರಿಹೋಯಿತು.

ಒಳಗಿದ್ದ ಹುರಿ ಬಿಚ್ಚಿದ್ದು ಮಾತ್ರ ಹೊಳೆ. ಇಳಿತದ ಹೊತ್ತಿಗೆ ಹೋಗಿ ಸ್ಪೂನ್, ಸ್ವಿವಲ್ ಎಲ್ಲ ಬಿಚ್ಚಿ ಬರೀ ಲೈನನ್ನು ನೀರಿಗೆ ಬಿಟ್ಟೆ. ಸೆಳೆತ ಅದನ್ನು ಸಮುದ್ರದ ಕಡೆ ಎಳೆದುಕೊಂಡು ಹೋಯಿತು. ಎಪ್ಪತ್ತು ಮೀಟರ್ ಹೋದ ಮೇಲೆ ಹಿಡಿದು ನಿಂತೆ. ಕೊನೆಗೆ ಏನೂ ಕಟ್ಟಿಲ್ಲವಲ್ಲ, ದಾರ ತನ್ನಷ್ಟಕ್ಕೆ ತಿರುಗಿ ಬಿಚ್ಚಿಕೊಂಡಿತು. ಐದು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒತ್ತಿ ಹಿಡಿದು ವಾಪಸ್ ಸುತ್ತಿದೆ. ಎರಡು ಸಲ ಮಾಡಿದೆ. ಖರ್ಚು ಸೊನ್ನೆ. ಹೊಳೆ ಇಲ್ಲದವರು ಗದ್ದೆಯಲ್ಲಿ ಎಳೆದುಕೊಂಡು ನಡೆದರೂ ಆಗುತ್ತದಂತೆ, ನಾನು ಮಾಡಿ ನೋಡಿಲ್ಲ.

ಅಂದಿನಿಂದ ಸ್ವಿವಲ್ ಹೇಳಿದ ಕೆಲಸ ಮಾಡುತ್ತಿದೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಸ್ಪೂನ್ ಎಸೆದರೂ ಲೈನ್ ನೆಟ್ಟಗೆ ಬರುತ್ತದೆ. ಅಂಕ ಕಳೆದದ್ದು ಎರಡಕ್ಕೆ. ಜೊತೆಗೆ ಬರುವ ಸ್ನ್ಯಾಪ್ (ಸ್ಪೂನ್ ಸಿಕ್ಕಿಸುವ ಕೊಕ್ಕೆ) ಮೆತ್ತಗಿದೆ, ಒಂದು ಮೀನಿನ ಜಗ್ಗಾಟಕ್ಕೇ ಬಾಯಿ ಬಿಟ್ಟಿತು. ಮತ್ತೆ ಉಪ್ಪುನೀರು. ಸಿಹಿನೀರಲ್ಲಿ ತೊಳೆಯದೆ ಇಟ್ಟ ಎರಡು ಸ್ವಿವಲ್ ಮೂರನೇ ವಾರಕ್ಕೇ ಗಟ್ಟಿಯಾದವು. ತೊಳೆದಿಟ್ಟವು ಇನ್ನೂ ಹೊಸದರ ಹಾಗಿವೆ. ತರಿಸುವುದಾದರೆ ಚಿಕ್ಕ ಸೈಜೇ ತರಿಸಿ, ದೊಡ್ಡದು ಕಟ್ಟಿದರೆ ಸಣ್ಣ ಸ್ಪೂನಿನ ಕುಣಿತ ಸತ್ತುಹೋಗುತ್ತದೆ.

ಆ ಅಂಗಡಿಗೆ ಈಗಲೂ ಹೋಗುತ್ತೇನೆ. ಲೈನ್ ಮಾತ್ರ ಕೊಳ್ಳುತ್ತೇನೆ, ಸುತ್ತುವುದು ಮನೆಯಲ್ಲೇ. ಹುಡುಗ ಪ್ರತಿ ಸಲ 'ಫ್ರೀ ಅಲ್ವಾ ಸಾರ್' ಅನ್ನುತ್ತಾನೆ.