ಮಾಲೀಕರಿಗೆ ಕೂಲಿ ಕಾನೂನಿನ ತರಬೇತಿ: ಗಿರ್ಮಿಟ್ ಆದಮೇಲೆ ಕಳೆ ಬಂತು

ತಾರಿಹಾಳದಲ್ಲಿ ನಮ್ಮದೊಂದು ಶೇಂಗಾ ಚಟ್ನಿ, ಖಾರದ ಪುಡಿ ಪ್ಯಾಕಿಂಗ್ ಘಟಕ ಇದೆ. ಕೆಲಸಕ್ಕೆ 14 ಜನ, ಅದರಲ್ಲಿ 9 ಹೆಣ್ಣುಮಕ್ಕಳು. ಅಕೌಂಟೆಂಟ್ ಬೆನ್ನು ಹತ್ತಿದ್ದಕ್ಕೆ 1,200 ರೂಪಾಯಿ ಕಟ್ಟಿ ಹುಬ್ಬಳ್ಳಿ ವಿದ್ಯಾನಗರದ ಈ ಅರ್ಧ ದಿನದ ತರಬೇತಿಗೆ ಹೋದೆ.

ಶುರುವಾಗಿದ್ದೇ ಮುಕ್ಕಾಲು ಗಂಟೆ ತಡ. ಆಮೇಲೆ ಬರೀ ಇಂಗ್ಲಿಷ್ ಸ್ಲೈಡು. ಒಂದೇ ಕೆಲಸಕ್ಕೆ ಗಂಡಸರಿಗೂ ಹೆಂಗಸರಿಗೂ ಒಂದೇ ಕೂಲಿ ಅನ್ನೋ 1976ರ ಸಮಾನ ಸಂಭಾವನೆ ಕಾಯ್ದೆ 2019ರ ವೇತನ ಸಂಹಿತೆಯೊಳಗೆ ಸೇರಿದೆ ಅನ್ನೋಕೆ ಅಷ್ಟು ಹೊತ್ತು ಬೇಕಿತ್ತಾ?

ಗಿರ್ಮಿಟ್, ಚಹಾ ಆದಮೇಲೆ ತರಬೇತಿ ಕೊಡೋ ಮೇಡಂ ನಮ್ಮ ಹಾಜರಿ ಪುಸ್ತಕ ಕೇಳಿದರು. ನನ್ನದರಲ್ಲಿ ಪ್ಯಾಕಿಂಗ್‌ಗೆ ದಿನಗೂಲಿ ಗಂಡಸರಿಗೆ 640, ಹೆಂಗಸರಿಗೆ 560.

"ಗಂಡಸರು ಚೀಲ ಎತ್ತತಾರ್ರೀ" ಅಂದೆ.

"ದಿನಕ್ಕೆ ಎಷ್ಟು ಚೀಲ?"

ಸುಮ್ಮನಾದೆ. ಚೀಲ ಇಳಿಸೋಕೆ ಹಮಾಲರು ಬೇರೆ ಬರುತ್ತಾರಲ್ವಾ! ಅದೇ ಸೀಲಿಂಗ್ ಮಷಿನ್, ಅದೇ ತಕ್ಕಡಿ, 80 ರೂಪಾಯಿ ಫರಕು. ಗಂಡಸರ ಕೂಲಿ ಇಳಿಸಿ ಸರಿ ಮಾಡೋ ಹಾಗೂ ಇಲ್ಲ, ಹೆಂಗಸರದ್ದೇ ಏರಿಸಬೇಕಂತೆ. 9 ಜನಕ್ಕೆ ಸೇರಿ ದಿನಕ್ಕೆ 720 ಜಾಸ್ತಿ. ಪುಸ್ತಕದ ಅಂಚಿನಲ್ಲೇ ಕೆಂಪು ಪೆನ್ನಿನಲ್ಲಿ ಬರೆದುಕೊಂಡೆ.

10 ಜನ ಇದ್ದರೆ ಸಾಕು, ಲೈಂಗಿಕ ಕಿರುಕುಳದ ದೂರು ಕೇಳೋಕೆ ಸಮಿತಿ ಬೇಕು ಅನ್ನೋದು ಇನ್ನೊಂದು ಹೊಡೆತ. ಅದು 2013ರ ಕಾಯ್ದೆ. ಸಮಿತಿ ಮಾಡದಿದ್ದರೆ ದಂಡ 50,000ದವರೆಗೆ. ಕಂಪ್ಯೂಟರ್ ಆಫೀಸಿನವರಿಗಷ್ಟೇ ಅಂದುಕೊಂಡಿದ್ದೆ.

ನಾಲ್ಕು ಸ್ಟಾರ್. ಹೋಗೋರು ಹಾಜರಿ ಪುಸ್ತಕ ಒಯ್ಯಿರಿ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ.